ಕಿವಿಗೆ ಹಿಡಿದ ರೊಟ್ಟಿ

ಸಕೀನಾಬಿಯವರು ರೊಟ್ಟಿಯನ್ನು ಕಣ್ಣಿನಿಂದ ಪರೀಕ್ಷಿಸಿದ್ದನ್ನು ನಾನು ಎಂದೂ ಕಾಣಲಿಲ್ಲ. ಒಣಗಿದ ಜೋಳದ ರೊಟ್ಟಿಯೊಂದನ್ನು ಬುಟ್ಟಿಯಿಂದ ಎತ್ತಿ, ಎಡಗಿವಿಯ ಹತ್ತಿರ ಹಿಡಿದು, ಸಂತೆಯಲ್ಲಿ ಗಡಿಗೆ ಕೊಳ್ಳುವವರಂತೆ ಉಗುರಿನಿಂದ ಒಮ್ಮೆ ತಟ್ಟುತ್ತಿದ್ದರು. ‘ಟಣ್’ ಎಂದರೆ ಅದು ಗಿರಾಕಿಯ ಬುಟ್ಟಿಗೆ. ‘ಟಪ್’ ಎಂದರೆ ಮರಳಿ ಹಂಚಿಗೆ. “ಬಾಯಿಗಿಂತ ಮೊದಲ ಕಿವಿಗೆ ರುಚಿ ಹತ್ತಬೇಕ್ರಿ, ಅಕ್ಕಾರ,” ಎನ್ನುತ್ತಿದ್ದರು. ಶಿಕ್ಷಕಿಯರನ್ನು ನಮ್ಮ ಕಡೆ ‘ಅಕ್ಕಾರ’ ಎಂದೇ ಕರೆಯುವುದು.

ನಾನು ಆಗ ಬ್ಯಾಡಗಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಪ್ರಬಂಧದಲ್ಲಿ ಒಂದು ಪೂರ್ಣವಿರಾಮ ತಪ್ಪಿದರೂ ಕೆಂಪು ಶಾಯಿಗೆ ಬಿಡುವು ಕೊಡದವಳೆಂದು ಮಕ್ಕಳು ನನ್ನ ಹೆಸರು ಕೇಳಿದರೆ ಹೆದರುತ್ತಿದ್ದರು. ಆದರೆ ಕಟ್ಟುನಿಟ್ಟು ಎಂದರೇನು ಎಂಬುದನ್ನು ನಾನು ಕಲಿತದ್ದು ಅಕ್ಷರ ಬಾರದ ಸಕೀನಾಬಿಯವರಿಂದ. ಮುಂಜಾನೆ ಏಳೆಂಟು ಮನೆಗಳಿಗೆ ರೊಟ್ಟಿ ಬಡಿದುಕೊಟ್ಟು, ಆಮೇಲೆ ಅವರು ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಅಂಗಳಕ್ಕೆ ತೊಟ್ಟು ಮುರಿಯಲು ಹೋಗುತ್ತಿದ್ದರು. ಅವರ ಬೆರಳ ತುದಿಗಳಿಗೆ ಮದರಂಗಿ ಎಂದೂ ಬೇಕಾಗಲಿಲ್ಲ. ಗಿಡ್ಡ ದೇಹ, ತಲೆಯ ಮೇಲೆ ಸೆರಗು, ಬಾಯಿಯಲ್ಲಿ ಎಲೆ, ಹಸಿರು ಗಾಜಿನ ಬಳೆ. ಮೆಣಸಿನಕಾಯಿಯ ಘಾಟಿಗೆ ಊರೆಲ್ಲ ಸೀನುವಾಗ ಅವರೊಬ್ಬರು ನಗುತ್ತ ಕುಳಿತಿರುತ್ತಿದ್ದರು.

ಆ ಘಾಟು ಒಂದು ವರ್ಷ ಅವರ ಎದೆಯಲ್ಲಿಯೇ ಮನೆಮಾಡಿತು. ಕೆಮ್ಮು ನಿಲ್ಲಲಿಲ್ಲ. ಹಾವೇರಿಯ ವೈದ್ಯರು, “ಎಂಟು ದಿನವಾದರೂ ಒಲೆಯಿಂದಲೂ ಮೆಣಸಿನಕಾಯಿಯಿಂದಲೂ ದೂರವಿರಿ, ಇಲ್ಲವಾದರೆ ಈ ಕೆಮ್ಮು ಹೋಗುವುದಿಲ್ಲ” ಎಂದರು. ಸಕೀನಾಬಿಯವರು ಅದನ್ನು ನನ್ನ ತಾಯಿಯ ಮುಂದೆ ದೊಡ್ಡ ನಗೆಚಾಟಿಕೆಯಂತೆ ಹೇಳಿದರು. “ಸುಮ್ನ ಕುಂದ್ರಂತಾರ್ರಿ ಡಾಕ್ಟರು! ನಾ ಸುಮ್ನ ಕುಂತ್ರ ನನ್ನ ಕೈ ನನಗ ಬೈತಾವ.”

ಆ ಮೇ ತಿಂಗಳಲ್ಲಿ ನಾನೂ ತಾಯಿಯೂ ಕುಮಟಾದ ಹತ್ತಿರ ಸಮುದ್ರದ ಬಳಿ ಒಂದು ಸಣ್ಣ ಮನೆಯನ್ನು ಎಂಟು ದಿನಗಳ ಮಟ್ಟಿಗೆ ಬಾಡಿಗೆಗೆ ಹಿಡಿದಿದ್ದೆವು. ಒಲೆ, ಪಾತ್ರೆ, ಬಾವಿ ಮನೆಯೊಡತಿಯವು, ಅಡಿಗೆ ನಮ್ಮದು. ಸಕೀನಾಬಿಯವರನ್ನೂ ಕರೆದೆವು. ಅವರು ಒಂದೇ ಷರತ್ತಿನ ಮೇಲೆ ಒಪ್ಪಿದರು: “ಬರೇ ಕೈಯಿಲೆ ನಾ ಯಾರ ಮನಿಗೂ ಹೋಗಾಕಿ ಅಲ್ಲ. ನೂರು ರೊಟ್ಟಿ ಈಗ ಬಡದು ಒಣಗಿಸಿ ತರ್ತೇನಿ. ಶೇಂಗಾ ಚಟ್ನಿ, ಮೊಸರು, ರೊಟ್ಟಿ. ಎಂಟು ದಿನ ಯಾರೂ ಒಲಿ ಹಚ್ಚೂದು ಬ್ಯಾಡ.” ಯೋಜನೆ ನಿರ್ದೋಷವಾಗಿತ್ತು. ನಾನು ಅದನ್ನು ವಹಿಯಲ್ಲಿ ದಿನವಾರು ಬರೆದು, ಅಡಿಗೆರೆ ಎಳೆದೆ.

ಹಾವೇರಿಯಿಂದ ಶಿರಸಿ, ಅಲ್ಲಿಂದ ಘಟ್ಟ ಇಳಿದು ಕುಮಟಾ. ದಾರಿಯುದ್ದಕ್ಕೂ ಬಟ್ಟೆ ಕಟ್ಟಿದ ಬುಟ್ಟಿ ಅವರ ತೊಡೆಯ ಮೇಲಿಂದ ಇಳಿಯಲಿಲ್ಲ. ಕಂಡಕ್ಟರ್ ಅದನ್ನು ಬಸ್ಸಿನ ಮೇಲೆ ಹಾಕಿರೆಂದಾಗ, “ನಿಮ್ಮ ಟಿಕೀಟಿನ ಚೀಲಾ ಮೊದಲ ಮ್ಯಾಲ ಒಗೀರಿ, ಆಮ್ಯಾಲ ನಾ ಬುಟ್ಟಿ ಕೊಡ್ತೇನಿ,” ಎಂದರು. ಬಸ್ಸೆಲ್ಲ ನಕ್ಕಿತು. ಸಂಜೆ ಮೊದಲ ಸಲ ಸಮುದ್ರವನ್ನು ಕಂಡವರು ಬಹಳ ಹೊತ್ತು ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಇಷ್ಟು ನೀರು ಇಟ್ಕೊಂಡು ಇವರು ಏನ್ ಮಾಡ್ತಾರ್ರಿ?”

ಮರುದಿನ ಮುಂಜಾನೆ, ನನ್ನ ವಹಿಯ ಪ್ರಕಾರ ಏಳೂವರೆಗೆ, ಸಕೀನಾಬಿಯವರು ಬುಟ್ಟಿ ಬಿಚ್ಚಿದರು. ಒಂದು ರೊಟ್ಟಿ ಎತ್ತಿ ಕಿವಿಗೆ ಹಿಡಿದು ತಟ್ಟಿದರು. ಶಬ್ದವಿಲ್ಲ. ‘ಟಪ್’ ಎಂದು ಕೂಡ ಇಲ್ಲ. ಎರಡನೆಯದನ್ನು ಎತ್ತಿದರು, ಅದು ಒಗೆದ ಟವೆಲ್ಲಿನಂತೆ ಅಂಗೈಯ ಎರಡೂ ಬದಿಗೆ ಜೋತುಬಿತ್ತು. ತಳದವರೆಗೂ ಕೆದಕಿದರು. ಬ್ಯಾಡಗಿಯಲ್ಲಿ ತಿಂಗಳುಗಟ್ಟಲೆ ಗರಿಗರಿಯಾಗಿ ಉಳಿಯುವ ರೊಟ್ಟಿ ಸಮುದ್ರದ ತೇವದ ಗಾಳಿಗೆ ಒಂದೇ ರಾತ್ರಿಯಲ್ಲಿ ಸೋತಿತ್ತು. ನಮ್ಮ ಒಣ ಸೀಮೆಯಿಂದ ಬಂದ ಮೂವರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಅವರ ಮುಖ ನೋಡಲಾಗಲಿಲ್ಲ. “ನಲವತ್ತು ವರ್ಷ ಬಡದೇನ್ರಿ. ಒಬ್ಬರ ಮನ್ಯಾಗೂ ಹಿಂಗ ಆಗಿದ್ದಿಲ್ಲ,” ಎಂದು ಬುಟ್ಟಿಯನ್ನು ಮತ್ತೆ ಕಟ್ಟತೊಡಗಿದರು. “ನಾ ಮಧ್ಯಾನದ ಬಸ್ಸಿಗೆ ಹೊಕ್ಕೇನಿ. ನಿಮ್ಮ ಊಟಾ ಕೆಡಿಸಿ ಇಲ್ಲಿ ಹ್ಯಾಂಗ ಕುಂದ್ರಲಿ?”

“ಹುಚ್ಚಿ! ರೊಟ್ಟಿ ಮೆತ್ತಗಾದ್ರ ಯಾರರೆ ಊರು ಬಿಟ್ಟು ಓಡ್ತಾರನು?” ಎಂದರು ನನ್ನ ತಾಯಿ. ಸಕೀನಾಬಿಯವರು ಕೆಮ್ಮಿದರು. ನನಗೆ ರೊಟ್ಟಿಯ ಚಿಂತೆ ಇರಲಿಲ್ಲ. ಅವರು ಆ ಬಸ್ಸು ಹತ್ತಿದರೆ ಮರುದಿನವೇ ಮೆಣಸಿನಕಾಯಿಯ ರಾಶಿಯ ಮುಂದೆ ಕುಳಿತಿರುತ್ತಾರೆ. ಮತ್ತೊಮ್ಮೆ ಅವರನ್ನು ಎಬ್ಬಿಸಿ ಕರೆತರುವುದು ಯಾರಿಂದಲೂ ಆಗದು. ವಹಿ ತಿರುವಿದೆ. ಇಂತಹ ಪ್ರಸಂಗಕ್ಕೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಅಷ್ಟರಲ್ಲಿ ಮನೆಯೊಡತಿ ನಾಗವೇಣಿಯಮ್ಮ ಬಸಳೆಸೊಪ್ಪಿನ ಹುಳಿಯ ಪಾತ್ರೆ ಹಿಡಿದು ಹಿತ್ತಲಿನಿಂದ ಬಂದರು. ಅರವತ್ತು ದಾಟಿದವರು, ಮೇಲ್ದವಡೆಯಲ್ಲಿ ಮೂರೇ ಹಲ್ಲು. ಸಂಗತಿ ಕೇಳಿ ಒಂದು ರೊಟ್ಟಿಯನ್ನು ಮುರಿಯಹೋದರು. ಅದು ಮುರಿಯದೆ ಹರಿಯಿತು. ಹುಳಿಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡರು. ಇನ್ನೊಂದು ತುಂಡು ಹರಿದರು. ಮತ್ತೊಂದು.

“ಇದು ಮೆತ್ತಗಾದದ್ದೇ ಒಳ್ಳೇದಾಯ್ತು, ಮಾರಾಯ್ತಿ. ಗಟ್ಟಿ ಇದ್ದಿದ್ರೆ ನನ್ನ ಹಲ್ಲಿಗೆ ಎಲ್ಲಾಗ್ತಿತ್ತು? ಇಲ್ಲಿ ಡಬ್ಬಿ ಮುಚ್ಚಳ ತೆಗೆದಿಟ್ರೆ ನಮ್ಮ ಹಪ್ಪಳವೇ ನಿಲ್ಲೂದಿಲ್ಲ. ಅದು ಗಾಳಿ ಮಾಡಿದ ಕೆಲಸ. ನಿನ್ನ ಕೈ ಎಂತ ಮಾಡ್ತದೆ?”

ಸಕೀನಾಬಿಯವರು ಹುಳಿಯನ್ನೇ ನೋಡುತ್ತಿದ್ದರು. ಅದರ ಕೆಂಪು ಅವರಿಗೆ ಗುರುತಿನದು. “ಬಾಯಾರ, ಇದಕ್ಕ ಯಾವ ಮೆಣಸಿನಕಾಯಿ ಹಾಕೀರಿ?”

“ಬ್ಯಾಡಗಿ ಮೆಣಸು. ಮತ್ತೆ ಯಾವುದರಲ್ಲಿ ಈ ಬಣ್ಣ ಬರ್ತದೆ?” ಎಂದು ನಾಗವೇಣಿಯಮ್ಮ ತಮ್ಮ ಮನೆಯೊಳಗಿನಿಂದ ಡಬ್ಬಿಯನ್ನೇ ತಂದರು. ಸುಕ್ಕುಸುಕ್ಕಾದ ಕಡುಗೆಂಪು ಕಾಯಿಗಳು, ಒಂದಕ್ಕೂ ತೊಟ್ಟಿಲ್ಲ. ಸಕೀನಾಬಿಯವರು ಒಂದನ್ನು ಬೆಳಕಿಗೆ ಹಿಡಿದು ತೊಟ್ಟು ಮುರಿದ ಜಾಗವನ್ನು ನೋಡಿದರು. ಅವರ ಮುಖದ ಗಂಟು ಮೆಲ್ಲಗೆ ಬಿಚ್ಚಿತು.

“ನೋಡ್ರಿ ಅಕ್ಕಾರ! ನಾ ಸಮುದ್ರ ನೋಡಾಕ ಈಗ ಬಂದೇನಿ. ನನ್ನ ಕೈ ಎಷ್ಟು ವರ್ಷದಿಂದ ಬಂದು ಹೋಗಾಕತ್ತೈತೋ ಏನೋ!”

ಅವು ಅವರೇ ಮುರಿದ ಕಾಯಿಗಳೆಂದು ಹೇಳಲು ಯಾವ ಆಧಾರವೂ ಇರಲಿಲ್ಲ. ಆಧಾರವಿಲ್ಲದ ಮಾತನ್ನು ತಿದ್ದದೆ ಬಿಟ್ಟದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಮಧ್ಯಾಹ್ನದ ಬಸ್ಸು ಅವರಿಲ್ಲದೆ ಹೋಯಿತು. ನೂರು ರೊಟ್ಟಿಗಳಲ್ಲಿ ಅರ್ಧ ನಾಗವೇಣಿಯಮ್ಮನ ಮನೆಗೆ ಸೇರಿದವು. ಪ್ರತಿಯಾಗಿ ದಿನಕ್ಕೊಂದು ಹುಳಿ ಬಂತು, ನಮ್ಮ ಒಲೆ ಹೊತ್ತಲಿಲ್ಲ. ಸಕೀನಾಬಿಯವರು ಜಗಲಿಯ ಕಂಬಕ್ಕೆ ಒರಗಿ, ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಕೂತಿರುತ್ತಿದ್ದರು. ನಾನು ವಹಿ ಹಿಡಿದು, ನಾಲ್ಕಕ್ಕೆ ದಂಡೆಗೆ ಹೋಗುವುದಿದೆ ಎಂದರೆ, “ಸಮುದ್ರಕ್ಕೂ ಸಾಲಿ ಗಂಟಿ ಹೊಡೀತೀರೇನ್ರಿ, ಅಕ್ಕಾರ?” ಎನ್ನುವರು. ಮೂರನೆಯ ದಿನದಿಂದ ವಹಿ ಪೆಟ್ಟಿಗೆಯಲ್ಲಿಯೇ ಉಳಿಯಿತು. ಆರನೆಯ ದಿನ ತಾಯಿ ಪಿಸುಗುಟ್ಟಿದರು: “ನಿನ್ನಿಯಿಂದ ಸಕೀನಾ ಕೆಮ್ಮಿಲ್ಲ, ನೋಡಿದಿಯೇನು?”

ಅನಂತರವೂ ಎರಡು ಬೇಸಿಗೆ ಅವರು ನಮ್ಮ ಜೊತೆ ಬಂದರು. ಬರುವಾಗ ರೊಟ್ಟಿ ನೂರೇ. ‘ಟಣ್’ ಎನ್ನುವ ತನಕ ಒಣಗಿಸುವ ಶ್ರಮವನ್ನು ಮಾತ್ರ ಬಿಟ್ಟಿದ್ದರು. “ಹೆಂಗೂ ಗಾಳಿ ತನಗ ಬೇಕಾದ್ಹಂಗ ಮಾಡ್ಕೊಂತೈತಿ.”

ಮುಂದೆ ಅವರು ತೊಟ್ಟಿನ ಕೆಲಸ ಬಿಟ್ಟು, ರಾಣೆಬೆನ್ನೂರಿನ ಆಚೆ ಮೇಡ್ಲೇರಿಯಲ್ಲಿ ಮಗಳ ಮನೆ ಸೇರಿದರು. ನಾನು ಅವರನ್ನು ಕೊನೆಯ ಬಾರಿ ಕಂಡದ್ದು ಅಲ್ಲಿಯೇ, ಶ್ರಾವಣದ ಒಂದು ಜಿಟಿಜಿಟಿ ಮಧ್ಯಾಹ್ನ. ಮುಂದಿನ ಬೇಸಿಗೆಯ ಹೊತ್ತಿಗೆ ಅವರು ಇರಲಿಲ್ಲ. ಆ ಶ್ರಾವಣದ ದಿನ ಕಟ್ಟೆಯ ಮೇಲೆ, ಕುಮಟಾದ ಜಗಲಿಯಲ್ಲಿ ಕೂತಂತೆಯೇ, ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದರು. ನನ್ನನ್ನು ಕಂಡವರೇ ಒಳಗಿನಿಂದ ಬುಟ್ಟಿ ತರಿಸಿ, ಒಂದು ರೊಟ್ಟಿ ಎತ್ತಿ ನನ್ನ ಕಿವಿಯ ಹತ್ತಿರ ಹಿಡಿದು ತಟ್ಟಿದರು.

“ಏನು ಕೇಳಿಸ್ತು?”

“ಏನೂ ಇಲ್ಲ.”

“ಹೌದಿಲ್ಲೋ?” ಅವರ ಕಣ್ಣುಗಳು ನಕ್ಕವು. “ಮಳಿಗಾಲ ಬಂದ್ರ ಸಮುದ್ರ ನಮ್ಮನಿ ತನಕ ಬರ್ತೈತ್ರಿ, ಅಕ್ಕಾರ.”

ಆ ರೊಟ್ಟಿ ಹಂಚಿಗೆ ಮರಳಲಿಲ್ಲ. ಎರಡಾಗಿ ಹರಿದು, ದೊಡ್ಡ ತುಂಡನ್ನು ನನ್ನ ಕೈಗಿಟ್ಟರು.