ಬೆರಳಿನಷ್ಟು ಸಡಿಲ

ಅಂಚೆ ಕಚೇರಿಯ ಪಾರ್ಸೆಲ್ ವಿಭಾಗದಲ್ಲಿ ಆಯುಷ್ಯ ಸವೆಸಿ ನಿವೃತ್ತರಾದ ಅವರಿಗೆ ಸಹೋದ್ಯೋಗಿಗಳು ಇಟ್ಟ ಹೆಸರು ಗಂಟುರಾಯರು. ಅವರು ಕಟ್ಟಿದ ಪೊಟ್ಟಣ ದಾರಿಯಲ್ಲಿ ಬಿಚ್ಚಿಕೊಂಡ ಉದಾಹರಣೆಯಿಲ್ಲ. ತಲುಪಿದ ಮೇಲೂ ಬಿಚ್ಚಿಕೊಳ್ಳದ ಉದಾಹರಣೆಗಳು ಮಾತ್ರ ಬೇಕಾದಷ್ಟಿದ್ದವು. ಹಾಗೆಂದು ದೂರು ಬಂದರೆ ರಾಯರು ಅದನ್ನು ಬಿನ್ನವತ್ತಳೆಯಂತೆ ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದರು.

ನಿವೃತ್ತಿಯ ನಂತರ ಕಟ್ಟಲು ಪಾರ್ಸೆಲ್ಲುಗಳಿಲ್ಲದೆ ಮನೆಯ ಸಾಮಾನಿಗೇ ಕೈ ಹಾಕಿದರು. "ಈರುಳ್ಳಿ ಚೀಲ ಬಿಚ್ಚೋ ಹೊತ್ತಿಗೇ ನನ್ನ ಕಣ್ಣಲ್ಲಿ ನೀರು ಬಂದಿರತ್ತೆ, ಹೆಚ್ಚೋದು ಆಮೇಲಿನ ಮಾತು," ಎಂದು ಹೆಂಡತಿ ನೆರೆಯವರ ಹತ್ತಿರ ಹೇಳಿಕೊಂಡರು. ಹಾಗಾಗಿ ಕೆಳಮಹಡಿಯ ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿನ ಮೀನಿನ ತೊಟ್ಟಿ ನೋಡಿಕೊಳ್ಳಲು ಯಾರಾದರೂ ಸಿಗುತ್ತಾರೆಯೇ ಎಂದು ವಿಚಾರಿಸಿದಾಗ, ರಾಯರು ಬಾಯಿ ತೆರೆಯುವ ಮೊದಲೇ ಆಕೆ ಅವರನ್ನು ಒಪ್ಪಿಸಿಬಿಟ್ಟರು.

ಡಾಕ್ಟರು ಕೊಟ್ಟಿದ್ದು ಒಂದು ಗಾಜಿನ ತೊಟ್ಟಿ. ರಾಯರು ವಹಿಸಿಕೊಂಡದ್ದು ಒಂದು ಇಲಾಖೆ. ಇಸ್ತ್ರಿ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿಯೇ ಕೆಳಗಿಳಿಯುವರು. ಕೆನ್ನೆ ಒತ್ತಿ ಹಿಡಿದು ಕೂತ ರೋಗಿಗಳಿಗೆ, "ಉಸ್ತುವಾರಿ ನಮ್ಮದೇ," ಎಂದು ಕೇಳದೆಯೇ ತಿಳಿಸುವರು.

ತೊಟ್ಟಿಗೆ ಕಳೆ ಬರಲಿ ಎಂದು ಒಂದು ಸೊಟ್ಟ ಮರದ ಕೊರಡನ್ನೂ ಅದರ ಮೇಲೆ ಬೆಳೆಸುವ ಜಾವಾ ಫರ್ನ್ ಗಿಡವನ್ನೂ ತಂದರು. "ಇದನ್ನ ಮಣ್ಣಲ್ಲಿ ಹೂಳಬಾರದು ಸರ್. ದಾರದಲ್ಲಿ ಮರಕ್ಕೆ ಕಟ್ಬಿಡಿ, ಬೇರು ತಾನಾಗೇ ಹಿಡ್ಕೊಳತ್ತೆ," ಎಂದಿದ್ದ ಮೀನಂಗಡಿಯವನು. ರಾಯರಿಗೆ 'ಕಟ್ಟಿ' ಎಂದು ಹೇಳುವುದೂ ಮಂಗನಿಗೆ ಹೆಂಡ ಕುಡಿಸುವುದೂ ಒಂದೇ ಎಂದು ಪಾಪ ಅವನಿಗೇನು ಗೊತ್ತು. ಉದ್ದಕ್ಕೆ ಸುತ್ತಿ, ಅಡ್ಡಕ್ಕೆ ಸುತ್ತಿ, ಕೊರಡಿಗೆ ಮಂಡಿ ಕೊಟ್ಟು, ಕಡೆಯ ಗಂಟನ್ನು ಜಗ್ಗಿ ಎಳೆದರು. ಭೂಕಂಪವಾದರೂ ಗಿಡ ಅಲುಗಾಡುವ ಹಾಗಿರಲಿಲ್ಲ.

ಅಲುಗಾಡಲೂ ಇಲ್ಲ. ದಾರ ಕಚ್ಚಿದ ಕಾಂಡ ಕಪ್ಪಾಗಿ ಮೆತ್ತಗಾಯಿತು, ಎಲೆಗಳು ಒಂದೊಂದಾಗಿ ಕಳಚಿ ತೇಲಿದವು. ಎರಡನೆಯ ಗಿಡವನ್ನು ಇನ್ನೂ ಬಿಗಿಯಾಗಿ ಕಟ್ಟಿದರು. ಅದು ಇನ್ನೂ ಬೇಗ ಹೋಯಿತು. "ಹಲ್ಲಿನ ಡಾಕ್ಟರ ತೊಟ್ಟಿಯಲ್ಲೇ ಹುಳುಕು," ಎಂದು ರೋಗಿಯೊಬ್ಬರು ನಕ್ಕದ್ದು ಡಾಕ್ಟರ ಕಿವಿಗೆ ಬಿತ್ತು.

"ಅಂಕಲ್, ಬೇಜಾರು ಮಾಡ್ಕೋಬೇಡಿ," ಎಂದರು ಡಾಕ್ಟರು, ಹೊಸ ಗಿಡವೊಂದನ್ನು ರಾಯರ ಕೈಗಿಟ್ಟು. "ಇದೊಂದು ಸಲ ನೋಡೋಣ. ಇದೂ ಕೊಳೆತ್ರೆ ತೊಟ್ಟಿ ತೆಗೆಸಿ ಅಲ್ಲಿ ಟಿವಿ ಹಾಕಿಸ್ತೀನಿ."

ಟಿವಿಗೆ ಉಸ್ತುವಾರಿ ಬೇಕಿಲ್ಲ. ರಾಯರು ಗಿಡ, ಕೊರಡು ಎರಡನ್ನೂ ಹಿಡಿದು ಮನೆಗೆ ಬಂದು ಊಟದ ಮೇಜಿನ ಮುಂದೆ ಕೂತವರು ತಟ್ಟೆಯ ಕಡೆ ನೋಡಲಿಲ್ಲ.

"ದಾರಾನೇ ಸರಿಯಿಲ್ಲ ಕಣೇ. ಈಗಿನ ದಾರಕ್ಕೆ ಕಸುವಿಲ್ಲ."

"ದಾರಕ್ಕೇನಾಗಿದೆ? ಕಸುವು ಜಾಸ್ತಿ ಆಗಿರೋದು ನಿಮ್ಮ ಕೈಗೆ," ಎಂದರು ಹೆಂಡತಿ. "ಪಾರ್ಸೆಲ್ ಆದ್ರೆ ಊರೂರು ಸುತ್ತಬೇಕು, ಬಿಗೀರಿ. ಈ ಗಿಡ ಎಲ್ಲಿಗ್ರೀ ಹೋಗತ್ತೆ? ಕತ್ತು ಹಿಚುಕಿ ಕೂರಿಸಿ, ಬೇರು ಬಿಡು ಅಂದ್ರೆ ಎಲ್ಲಿಂದ ಬಿಡತ್ತೆ?"

ಮಾತು ನಾಟಿತು, ಕೈಗೆ ಮಾತ್ರ ನಾಟಲಿಲ್ಲ. ಸುತ್ತುಗಳನ್ನೇನೋ ಸಡಿಲವಾಗಿ ಹಾಕಿದರು. ಕಡೆಯ ಗಂಟು ಬಂದದ್ದೇ ತಡ, ಕೈ ಯಜಮಾನನ ಅಪ್ಪಣೆ ಕೇಳದೆ ಜಗ್ಗಿಬಿಟ್ಟಿತು. ತಮ್ಮ ಗಂಟನ್ನು ತಾವೇ ಬಿಚ್ಚುವ ಪ್ರಸಂಗ ರಾಯರಿಗೆ ಜೀವಮಾನದಲ್ಲಿ ಬಂದಿರಲಿಲ್ಲ. ಉಗುರಲ್ಲಿ ಕೆದಕಿದರು, ಚಮಚದ ತುದಿಯಲ್ಲಿ ಮೀಟಿದರು. ಹೆಂಡತಿ ಏನೂ ಅನ್ನದೆ ಕತ್ತರಿ ತಂದು ಮುಂದಿಟ್ಟರು. ಏನಾದರೂ ಅಂದಿದ್ದರೇ ವಾಸಿಯಿತ್ತು.

ಮತ್ತೆ ಕಟ್ಟಿದರು, ಮತ್ತೆ ಜಗ್ಗಿದರು. ಕಾಂಡದ ಮೇಲೆ ಆಗಲೇ ಗೀರು ಮೂಡುತ್ತಿತ್ತು. ಕೊನೆಗೆ ಆಕೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಕಾಂಡಕ್ಕೂ ದಾರಕ್ಕೂ ನಡುವೆ ತಮ್ಮ ತೋರುಬೆರಳು ತೂರಿಸಿದರು.

"ಹ್ಞೂಂ, ಈಗ ಹಾಕಿ ಗಂಟು."

ಅಭ್ಯಾಸಬಲದಿಂದ ಕೈ ಜಗ್ಗಿತು.

"ರೀ, ಗಿಡ ಬಾಯಿ ಮುಚ್ಕೊಂಡಿತ್ತು. ನಾನು ಮುಚ್ಕೊಳ್ಳಲ್ಲ."

ರಾಯರ ಕೈ ತಟ್ಟನೆ ಸಡಿಲಿತು. ಮದುವೆಯಾದಾಗಿನಿಂದ ಇಷ್ಟು ಹಗುರವಾಗಿ ಅವರು ಯಾವುದನ್ನೂ ಕಟ್ಟಿರಲಿಲ್ಲ. ಆಕೆ ಬೆರಳನ್ನು ಮೆಲ್ಲಗೆ ಹೊರಗೆಳೆದರು. ದಾರ ನಿಂತಿತು, ಗಿಡವೂ ಕೂತಿತು. ರಾಯರು ಮುಟ್ಟಿ ನೋಡಿದರು, ಮುಖ ಸಣ್ಣದಾಯಿತು.

"ಅಲ್ಲಾಡತ್ತಲ್ಲೇ."

"ಅಲ್ಲಾಡ್ಲಿ ಬಿಡಿ. ನಿಮ್ಮ ಕುರ್ಚೀನೂ ಅಲ್ಲಾಡತ್ತೆ, ಬಿಟ್ಟು ಎದ್ದಿದ್ದೀರಾ?"

ಕೊರಡು ತೊಟ್ಟಿಗಿಳಿಯಿತು. ರಾಯರು ಹೋದಾಗಲೆಲ್ಲ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿದ್ದರು. ರೋಗಿಗಳು ಅದನ್ನು ಗಾಂಭೀರ್ಯ ಎಂದುಕೊಂಡರು. ನೀರಿಗೆ ಕೈ ಹಾಕಿ ಇನ್ನೊಂದು ಸುತ್ತು ಬಿಗಿಯದಿರಲು ಅವರಿಗೆ ತಿಳಿದಿದ್ದ ಉಪಾಯ ಅದೊಂದೇ. ಹಳೆಯ ಎಲೆಯೊಂದು ಹಳದಿಯಾದ ವಾರ ಅವರಿಗೆ ನಿದ್ದೆ ಹತ್ತಲಿಲ್ಲ. ಆಮೇಲೆ ಕಾಂಡದ ತುದಿಯಲ್ಲಿ ಮುದುರಿಕೊಂಡ ಹಸಿರು ಚಿಗುರು ಕಂಡಿತು. ಇನ್ನಷ್ಟು ದಿನ ಕಳೆದು ಕಪ್ಪು ಕೂದಲಿನಂಥ ಬೇರುಗಳು ಮರದ ಬಿರುಕುಗಳಲ್ಲಿ ಇಳಿದವು.

ಒಂದು ಬೆಳಿಗ್ಗೆ ರೋಗಿಗಳು ಕಡಿಮೆಯಿದ್ದಾಗ ಡಾಕ್ಟರು ತಾವೇ ತೋಳು ಮಡಚಿ ದಾರ ಕತ್ತರಿಸಿದರು. ರಾಯರು ಉಸಿರು ಬಿಗಿಹಿಡಿದರು. ಪಂಪಿನ ಗುಳ್ಳೆಗಳು ಎಲೆಗಳನ್ನು ತೂಗಿದವು, ಗಪ್ಪಿ ಮೀನೊಂದು ಬಂದು ಮೂತಿಯಿಂದ ತಿವಿಯಿತು. ಗಿಡ ಕೂತಲ್ಲೇ ಇತ್ತು.

"ಟಿವಿಯವನು ಗೋಡೆ ಅಳತೆಗೆ ಬರ್ತೀನಿ ಅಂದಿದ್ದ," ಎಂದರು ಡಾಕ್ಟರು ಕೈ ಒರೆಸಿಕೊಳ್ಳುತ್ತ. "ಬೇಡ ಅಂತ ಹೇಳ್ಬಿಡ್ತೀನಿ ಅಂಕಲ್."

ಅವರು ಒಳಗೆ ಹೋಗುವುದನ್ನೇ ಕಾದಿದ್ದ ರಾಯರು ಬೆಂಚಿನ ಮೇಲಿದ್ದ ಒಬ್ಬನೇ ರೋಗಿಯ ಕಡೆ ತಿರುಗಿದರು. ಅವನ ಒಂದು ಕೆನ್ನೆ ಬನ್ನಿನಂತೆ ಊದಿತ್ತು.

"ನೋಡಿ, ಗಿಡ ಕಟ್ಟೋದಕ್ಕೆ ನಮ್ಮದೊಂದು ಪದ್ಧತಿ ಇದೆ. ಒಂದು ಬೆರಳಿನಷ್ಟು ಸಡಿಲ ಬಿಡ್ತೀವಿ. ಒಂದೇ ಬೆರಳು. ಹೆಚ್ಚಿಲ್ಲ, ಕಮ್ಮಿ ಇಲ್ಲ."

"ಯಾರ ಬೆರಳು?" ಎಂದ ರೋಗಿ, ಊದಿದ ಬಾಯಿಯ ಸಂದಿಯಿಂದ.

ರಾಯರು ಪೆನ್ನು ಸರಿಪಡಿಸಿಕೊಂಡರು. ತೊಟ್ಟಿಯ ಕಡೆಗೊಮ್ಮೆ, ಮೆಟ್ಟಿಲಿನ ಕಡೆಗೊಮ್ಮೆ ನೋಡಿದರು.

"ನಮ್ಮ ಮನೆಯವಳದು," ಎಂದರು.

ಒಳಗಿನಿಂದ ಡಾಕ್ಟರ ದನಿ ಬಂತು. "ಮುಂದಿನವರು ಬನ್ನಿ. ಅಂಕಲ್, ಟಿವಿ ಆಗಿದ್ರೆ ಸೌಂಡಾದ್ರೂ ಕಮ್ಮಿ ಮಾಡಬಹುದಿತ್ತು."

"ಇರ್ಲಿ ಡಾಕ್ಟ್ರೇ, ಅವರು ಹೇಳಿ ಮುಗಿಸ್ಲಿ," ಎಂದ ರೋಗಿ, ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು. ಹಲ್ಲು ಕೀಳಿಸಿಕೊಳ್ಳಲು ಬಂದವನಿಗಿಂತ ತಾಳ್ಮೆಯ ಶ್ರೋತೃ ರಾಯರಿಗೆ ಇನ್ನೆಲ್ಲಿ ಸಿಕ್ಕಾನು. ಅವರು ಮೊದಲ ಗಿಡದಿಂದ ಶುರುಮಾಡಿದರು.