ಆಸ್ಪತ್ರೆ ಸ್ಟಾಪಿನ ಸೊನ್ನೆ

ನಮ್ಮ ಚಿಕ್ಕಮ್ಮ ಇಪ್ಪತ್ತಾರು ವರ್ಷದಿಂದ ಹದಿನಾಲ್ಕನೇ ನಂಬರ್ ಬಸ್ಸಿನ ಕಂಡಕ್ಟರ್. ಬಾಯಿ ಜೋರು, ಮನಸ್ಸು ಮೆತ್ತಗೆ. ಮಧ್ಯಾಹ್ನ ಆಸ್ಪತ್ರೆಯಿಂದ ಹೊರಡುವ ಟ್ರಿಪ್ಪಿನಲ್ಲಿ ಅವಳು ಹತ್ತಿದವರಿಗೆ ತಕ್ಷಣ ಟಿಕೆಟ್ ಕೊಡುತ್ತಿರಲಿಲ್ಲ. ಕಾಲಿಗೆ ಕಟ್ಟು ಹಾಕಿಸಿಕೊಂಡವರನ್ನು, ಬಸುರಿಯರನ್ನು ಮೊದಲು ಕೂರಿಸಿ, ಮುಂದಿನ ಸ್ಟಾಪು ಸರ್ಕಲ್ ಬಂದ ಮೇಲೆಯೇ ಮಷೀನಿನ ಗುಂಡಿ ಒತ್ತುತ್ತಿದ್ದಳು. ಮಷೀನಿಗೇನು ಗೊತ್ತು ಪಾಪ! ಎಲ್ಲರೂ ಸರ್ಕಲ್ಲಿನಲ್ಲೇ ಹತ್ತಿದರೆಂದು ಬರೆದುಕೊಳ್ಳುತ್ತಿತ್ತು.

ಊರಿಗೆ ಫ್ಲೈಓವರ್ ಬೇಕೋ, ಹೆಚ್ಚು ಬಸ್ಸು ಬೇಕೋ ಎಂದು ನಗರಸಭೆಯಲ್ಲಿ ಜನರ ಸಭೆ ಕರೆದರು. ಎಂಜಿನಿಯರ್ ಗೋಡೆಯ ಮೇಲೆ ಟಿಕೆಟ್ ಮಷೀನುಗಳ ಲೆಕ್ಕದ ಬಣ್ಣದ ಪಟ್ಟಿ ತೋರಿಸಿದರು.

"ಮಧ್ಯಾಹ್ನ ಆಸ್ಪತ್ರೆ ಸ್ಟಾಪಲ್ಲಿ ಹತ್ತೋರು ಸೊನ್ನೆ. ಆ ಟ್ರಿಪ್ಪು ನಿಲ್ಲಿಸಿ ದುಡ್ಡನ್ನ ಫ್ಲೈಓವರಿಗೆ ಹಾಕೋಣ."

ಮುಂದಿನ ಸಾಲು ತಲೆದೂಗಿತು. ಕಾರಿದ್ದವರಿಗೆ ತಲೆದೂಗಲು ಏನು ಕಷ್ಟ? ನನಗೆ ಮೈಯೆಲ್ಲ ಉರಿಯಿತು. ಚಿಕ್ಕಮ್ಮ ಎದ್ದಳು. ಟಿಕೆಟ್ ತಡ ಮಾಡುವುದು ನಿಯಮದ ಪ್ರಕಾರ ತಪ್ಪು, ಡಿಪೋ ಮ್ಯಾನೇಜರ್ ಅಲ್ಲೇ ಕೂತಿದ್ದಾರೆ. ಕೈ ಹಿಡಿದು ಎಳೆದೆ.

"ಕೂತ್ಕೋ ಚಿಕ್ಕಮ್ಮ, ಕೆಲಸ ಹೋಗುತ್ತೆ!"

"ಹೋದ್ರೆ ಹೋಗ್ಲಿ ಬಿಡೋ," ಎಂದವಳು ಮೈಕು ಕಸಿದುಕೊಂಡಳು. "ಸಾರ್, ಆ ಸೊನ್ನೆ ನಂದು!"

ಸಭೆ ಗೊಳ್ಳೆಂದು ನಕ್ಕಿತು. ಅವಳು ಒಂದೂ ಮುಚ್ಚಿಡದೆ ಎಲ್ಲ ಹೇಳಿದಳು. ನಗು ನಿಂತಿತು. ಮ್ಯಾನೇಜರ್ ಮುಖ ಗಂಟು ಹಾಕಿಕೊಂಡರು.

"ಹಾಗಾದ್ರೆ ನಿಜವಾಗ್ಲೂ ಎಷ್ಟು ಜನ ಹತ್ತುತ್ತಾರಮ್ಮ?" ಎಂದರು ಎಂಜಿನಿಯರ್.

"ನಾಳೆ ಬಂದು ನೀವೇ ಎಣಿಸಿ. ಸೀಟು ಮಾತ್ರ ಕೇಳ್ಬೇಡಿ."

ಪುಣ್ಯಾತ್ಮ ಬಂದೇ ಬಂದರು. ಮೂರು ದಿನ ಕಂಬಿಗೆ ಜೋತುಬಿದ್ದು ಎಣಿಸಿದರು. ಮುಂದಿನ ಸಭೆಯಲ್ಲಿ ತಾವೇ ಎದ್ದು, "ಟ್ರಿಪ್ಪಿಗೆ ಅರವತ್ಮೂರು ಜನ. ನನ್ನ ಪಟ್ಟಿ ತಪ್ಪು," ಎಂದರು. ಫ್ಲೈಓವರ್ ಬದಿಗೆ ಸರಿಯಿತು. ಆರು ಹೊಸ ಬಸ್ಸುಗಳಿಗೆ ಕೈಗಳು ಮೇಲೆದ್ದವು. ನಾನು ಬೆಂಚು ಹತ್ತಿ ಶಿಳ್ಳೆ ಹಾಕಿದೆ, ನಾಚಿಕೆಯೇನೂ ಆಗಲಿಲ್ಲ.

ಮಾರನೇ ದಿನವೇ ಮ್ಯಾನೇಜರಿಂದ ಲಕೋಟೆ ಬಂತು. ಶಿಕ್ಷೆಯ ಮೆಮೋ ಅಂದುಕೊಂಡು ಚಿಕ್ಕಮ್ಮ ಅದನ್ನು ನನ್ನ ಕೈಗೆ ತುರುಕಿದಳು, ನಾನೇ ಒಡೆದು ಓದಿದೆ. ಅದು ಊರಿನ ಅಷ್ಟೂ ಕಂಡಕ್ಟರುಗಳಿಗೆ ಬರೆದ ಆದೇಶ: ಆಸ್ಪತ್ರೆ ಸ್ಟಾಪಿನಲ್ಲಿ ಮೊದಲು ಎಲ್ಲರನ್ನೂ ಕೂರಿಸಬೇಕು, ಆಮೇಲೆ ಟಿಕೆಟ್ ಕೊಡಬೇಕು, ಅಲ್ಲಿಯವರೆಗೆ ಬಸ್ಸು ಕದಲಕೂಡದು.

"ಇನ್ನೊಂದ್ಸಲ ಓದೋ," ಎಂದಳು ಚಿಕ್ಕಮ್ಮ, ಕಣ್ಣೊರೆಸಿಕೊಳ್ಳುತ್ತ. ಜೋರಾಗಿ ಓದಿದೆ.