ಸ್ಟೀಮ್ ಓವನ್ನಿಗೆ ಬಿಟ್ಟ ಜಾಗ

ಹೊಸ ಅಡಿಗೆಮನೆಗೆ ನನಗೊಂದು ಸ್ಟೀಮ್ ಓವನ್ ಬೇಕು ಎಂದಾಗ ನನ್ನ ಗಂಡ ಪೇಪರು ಮಡಚಿಟ್ಟು, ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡಿದರು. ಮೂವತ್ತು ವರ್ಷ ದಾಟಿದ ಸಂಸಾರದಲ್ಲಿ ನಾನಾಗಿ ಬಾಯಿಬಿಟ್ಟು ಕೇಳಿದ ಮೊದಲ ಯಂತ್ರ ಅದು. ಮಿಕ್ಸಿ, ಗ್ರೈಂಡರು, ವಾಷಿಂಗ್ ಮಿಷನ್ನು ಎಲ್ಲ ಅವರೇ ತಂದದ್ದು, ನಾನು ವಾರಗಟ್ಟಲೆ ಬೈದದ್ದು, ಆಮೇಲೆ ಬಾಯಿ ಮುಚ್ಚಿಕೊಂಡು ಬಳಸಿದ್ದು.

"ಇಡ್ಲಿ ಬೇಯಿಸ್ಲಿಕ್ಕೆ ಅಷ್ಟು ದೊಡ್ಡ ಪೆಟ್ಟಿಗೆ ಎಂತಕೆ ಮಾರಾಯ್ತಿ? ಮನೆಯಲ್ಲಿ ಇರುದು ಮೂರು ಜನ" ಎಂದರು.

"ಬೇಕು. ಅಷ್ಟೇ" ಎಂದೆ. ಕಾರಣ ಹೇಳುವಂತಿರಲಿಲ್ಲ.

ಸುಳ್ಯ ಪೇಟೆಯಿಂದ ಸ್ವಲ್ಪ ಆಚೆ ಇರುವ ನಮ್ಮ ಮನೆಯ ಅಡಿಗೆಕೋಣೆಯನ್ನು ಆ ಮಳೆಗಾಲ ಪೂರ್ತಿ ಕಿತ್ತು ಹಾಕಿದ್ದೆವು. ಕಪಾಟುಗಳಿಗೆ ಒರಲೆ ಹಿಡಿದು, ಹಲಗೆ ಮುಟ್ಟಿದರೆ ಪುಡಿ ಉದುರುತ್ತಿತ್ತು. ಕಡಬದಿಂದ ಮರದ ಕೆಲಸಕ್ಕೆ ಬರುತ್ತಿದ್ದ ಆಚಾರ್ರು ನನ್ನ ಮಾತು ಕೇಳಿ, ಒಲೆಯ ಪಕ್ಕದಲ್ಲಿ ಓವನ್ನಿಗೆಂದು ಒಂದು ಚೌಕಾಕಾರದ ಜಾಗ ಬಿಟ್ಟೂ ಆಗಿತ್ತು.

ನಿಜ ಸಂಗತಿ ಏನೆಂದರೆ, ನನಗೆ ಕಿವಿ ಕೇಳುತ್ತಿರಲಿಲ್ಲ. ಪೂರ್ತಿ ಕಿವುಡಲ್ಲ. ನನ್ನ ಗಂಡನ ದಪ್ಪ ದನಿ ಕೇಳುತ್ತದೆ, ಲಾರಿ ಹೋದದ್ದು ಕೇಳುತ್ತದೆ. ಸಪೂರದ ಸದ್ದುಗಳು ಮಾತ್ರ ಒಂದೊಂದಾಗಿ ಹೋಗಿಬಿಟ್ಟಿದ್ದವು. ಕುಕ್ಕರಿನ ಸೀಟಿ, ಫೋನಿನ ಗಂಟೆ, ಬೆನ್ನ ಹಿಂದಿನಿಂದ ಮಾತಾಡುವ ಮಗಳ ದನಿ.

ನಮ್ಮ ಕಡೆ ಇಡ್ಲಿಯನ್ನೋ ಕಡುಬನ್ನೋ ಹಬೆಗೆ ಇಡುವಾಗ ಪಾತ್ರೆಯ ತಳದ ನೀರಿಗೆ ಒಂದು ನಾಣ್ಯ ಹಾಕುವ ಕ್ರಮ ಉಂಟು. ನೀರು ಕುದಿಯುವಷ್ಟು ಹೊತ್ತೂ ಅದು ಕಟಕಟ ಎನ್ನುತ್ತಿರುತ್ತದೆ. ಹೆಂಗಸು ಹಿತ್ತಿಲಲ್ಲಿ ಬಟ್ಟೆ ಒಣಗಿಸುತ್ತಿದ್ದರೂ ಕಿವಿಯ ಒಂದು ಮೂಲೆ ಆ ಕಟಕಟಕ್ಕೇ ಇರುತ್ತದೆ. ಸದ್ದು ನಿಂತಿತೋ, ನೀರು ಆರಿತು ಎಂದರ್ಥ. ನನಗೆ ಅದು ಕಳೆದ ವರ್ಷವೇ ನಿಂತುಹೋಗಿತ್ತು. ಪಾತ್ರೆಯಲ್ಲಿ ನೀರು ತುಂಬಿರುವಾಗಲೂ ನಿಂತಿರುತ್ತಿತ್ತು. ನಾನು ಹೆದರಿ ಹೆದರಿ ಮುಚ್ಚಳ ತೆಗೆದು ನೋಡುವುದು, ಹಬೆ ಹೋಗಿ ಇಡ್ಲಿ ಕಲ್ಲಾಗುವುದು. ಹಾಗೆಂದು ನೋಡದೆ ಬಿಟ್ಟ ದಿನ ತಳ ಸೀದು ಕರಕಲು. ಮೂರು ಪಾತ್ರೆ ಸುಟ್ಟೆ. ಒಂದನ್ನು ಹೊಳೆಬದಿಯ ಹೊಯಿಗೆ ಹಾಕಿ ತಿಕ್ಕಿ ತಿಕ್ಕಿ ತೊಳೆದೆ. ಇನ್ನೆರಡನ್ನು ಚೀಲದಲ್ಲಿ ಸುತ್ತಿ ಗುಜರಿಯವನಿಗೆ ಕೊಟ್ಟು, ಪೇಟೆಯಿಂದ ಅಂಥದ್ದೇ ತಂದಿಟ್ಟೆ. ಗಂಡ ಕೇಳಿದರೆ "ಈ ಗ್ಯಾಸಿನ ಉರಿ ಸರಿ ಇಲ್ಲ" ಎಂದು ಗದರಿದೆ. ತಪ್ಪು ನನ್ನದಾದಾಗ ನನಗೆ ಸಿಟ್ಟು ಜಾಸ್ತಿ.

ರವಿಕೆ ಹೊಲಿಸಲಿಕ್ಕುಂಟು ಎಂದು ಸುಳ್ಳು ಹೇಳಿ ಒಬ್ಬಳೇ ಬಸ್ಸು ಹತ್ತಿ ಪುತ್ತೂರಿನ ಕಿವಿ ಡಾಕ್ಟರ ಹತ್ತಿರ ಹೋಗಿ ಬಂದಿದ್ದೆ. ಅವರು ಕಿವಿ ಪರೀಕ್ಷಿಸಿ ಒಂದು ಕಾಗದ ತೋರಿಸಿದರು. ಅದರಲ್ಲಿದ್ದ ಗೀಟು ಸ್ವಲ್ಪ ದೂರ ನೇರ ಹೋಗಿ ಆಮೇಲೆ ಕೆಳಗೆ ಜಾರಿತ್ತು. "ಇದು ನರದ್ದು ಅಮ್ಮಾ, ಔಷಧಿ ಇಲ್ಲ. ಇನ್ನು ಇಳಿಯುದೇ. ಮಿಷನ್ ಇಟ್ರೆ ಎದುರು ಕೂತು ಮಾತಾಡುದು ಸ್ವಲ್ಪ ಕೇಳ್ಬಹುದು. ಸಣ್ಣ ಸದ್ದೆಲ್ಲ ವಾಪಸು ಬರ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ" ಎಂದರು. ಆ ಕಾಗದವನ್ನು ಸೀರೆಗಳ ಅಡಿಗೆ ಇಟ್ಟೆ.

ಯಾಕೆ ಮುಚ್ಚಿಟ್ಟೆ ಎಂದರೆ, ಕಿವಿ ಕೇಳದವರನ್ನು ಮನೆಯಲ್ಲಿ ಹೇಗೆ ನೋಡುತ್ತಾರೆಂದು ನಾನು ಬಲ್ಲೆ. ನನ್ನ ಅತ್ತೆಗೆ ಕೇಳುತ್ತಿರಲಿಲ್ಲ. ಒಂದು ಕೇಳಿದರೆ ಅವರು ಇನ್ನೊಂದಕ್ಕೆ ಉತ್ತರ ಕೊಟ್ಟಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಆ ನಗು ನನ್ನ ಮೇಲೆ ಬೀಳುವುದು ನನಗೆ ಬೇಡವಾಗಿತ್ತು. ಅದಕ್ಕಿಂತ ಹೆಚ್ಚಾಗಿ ಅಡಿಗೆಮನೆ ಕೈತಪ್ಪುವ ಹೆದರಿಕೆ. ಈ ಮನೆಯಲ್ಲಿ ನನ್ನದು ಎನ್ನಲು ಇರುವುದು ಅದೊಂದೇ ಕೋಣೆ. ಸ್ಟೀಮ್ ಓವನ್ ಆದರೆ ನೀರು ಮುಗಿದರೆ ತಾನೇ ನಿಲ್ಲುತ್ತದೆ, ಹೊತ್ತಾದರೆ ತಾನೇ ಆರುತ್ತದೆ ಎಂದು ಮೊಬೈಲಿನಲ್ಲಿ ನೋಡಿದ್ದೆ. ಅದೊಂದು ಬಂದರೆ ಇನ್ನೂ ಕೆಲವು ವರ್ಷ ಯಾರಿಗೂ ಗೊತ್ತಾಗದೆ ನಾನೇ ಅಡಿಗೆ ಮಾಡಬಹುದು. ನನ್ನ ಲೆಕ್ಕ ಅಷ್ಟೇ ಇತ್ತು.

ಮಗಳು ಒಪ್ಪಲಿಲ್ಲ. ಅವಳು ಸುಳ್ಯದ ಕಾಲೇಜಿನಲ್ಲಿ ಪಾಠ ಮಾಡುವವಳು, ಯಾವುದನ್ನೂ ಪರೀಕ್ಷೆ ಮಾಡದೆ ಬಿಡುವವಳಲ್ಲ. ಊಟಕ್ಕೆ ಕೂತಾಗ ಎದುರಿನಿಂದ ಕೇಳಿದಳು.

"ಕರೆಂಟು ಹೋದ್ರೆ ಎಂತ ಮಾಡುದು? ಮಳೆಗಾಲದಲ್ಲಿ ಇಲ್ಲಿ ವೋಲ್ಟೇಜ್ ಉಂಟಾ?"

"ಹೋದಾಗ ಗ್ಯಾಸಲ್ಲಿ ಮಾಡಿದ್ರಾಯ್ತು."

"ಹಾಗಾದ್ರೆ ಯಾವಾಗ್ಲೂ ಗ್ಯಾಸಲ್ಲೇ ಮಾಡ್ಬಹುದಲ್ವಾ?"

ನಾನು ಅವಳಿಗೆ ಬೇಡದಿದ್ದರೂ ಇನ್ನೊಂದು ಸೌಟು ಸಾರು ಬಡಿಸಿದೆ. ಕೊನೆಗೆ ಗಂಡನೇ, "ಪುತ್ತೂರಿನ ಅಂಗಡಿಯಲ್ಲಿ ಮಾಡಿ ತೋರಿಸ್ತಾರಂತೆ. ನೋಡಿ ಬರುವ, ಮತ್ತೆ ನಿನ್ನಿಷ್ಟ" ಎಂದರು.

ಅಂಗಡಿಯಲ್ಲಿ ಅವರು ಹೂಕೋಸು ಬೇಯಿಸಿ ತೋರಿಸುತ್ತಾರೆಂದು ಫೋನಿನಲ್ಲಿ ಹೇಳಿದ್ದರು. ಹೂಕೋಸು ನೋಡಿ ನಾನೇನು ತಿಳಿಯಲಿ? ಬೆಳಿಗ್ಗೆ ಎದ್ದು ಅಕ್ಕಿ ಕಡೆದು, ಹಿತ್ತಿಲಿನ ಅರಿಶಿನ ಎಲೆ ಕೊಯ್ದು, ಹಿಟ್ಟು ಸವರಿ, ಕಾಯಿಬೆಲ್ಲ ಹಾಕಿ ಮಡಚಿ, ಹನ್ನೆರಡು ಹಸಿ ಕಡುಬನ್ನು ಡಬ್ಬಿಯಲ್ಲಿ ಜೋಡಿಸಿಕೊಂಡು ಗಂಡ, ಮಗಳ ಜೊತೆ ಹೋದೆ. "ಅಂಗಡಿಗೆ ಯಾರಾದ್ರೂ ಕಡುಬು ತಗೊಂಡು ಹೋಗ್ತಾರಾ?" ಎಂದು ಗಂಡ ದಾರಿಯುದ್ದಕ್ಕೂ ನಗಾಡಿದರು. ನನಗೂ ನಗು ಬಂತು. ಆ ದಿನ ನಾನು ನಕ್ಕದ್ದು ಅದೊಂದೇ ಸಲ.

ಅಂಗಡಿಯ ಹೆಂಗಸು ಒಳ್ಳೆಯವಳು. ಡಬ್ಬಿ ನೋಡಿ ಖುಷಿಯಾಗಿ ಕಡುಬುಗಳನ್ನು ಓವನ್ನಿನ ತಟ್ಟೆಯಲ್ಲಿ ಇಟ್ಟಳು. ಹತ್ತಿರ ಬಂದು, "ಆದ ಕೂಡ್ಲೆ ಅದೇ ಕೂಗ್ತದೆ ಅಕ್ಕ, ಮನೆಯ ಯಾವ ಮೂಲೆಗೂ ಕೇಳ್ತದೆ" ಎಂದಳು. ನಾನು ತಲೆಯಾಡಿಸಿದೆ. ಓವನ್ನಿನ ಮುಂದೆಯೇ ನಿಂತು ಅದರ ಅಂಕಿಗಳನ್ನು ನೋಡುತ್ತಿರಬೇಕು ಎಂದು ಮನೆಯಿಂದ ಹೊರಡುವಾಗಲೇ ಗಟ್ಟಿ ಮಾಡಿಕೊಂಡಿದ್ದೆ. ಆದರೆ ಅರಿಶಿನ ಎಲೆಯ ಪರಿಮಳ ಅಂಗಡಿ ತುಂಬಿತು. ಫ್ರಿಜ್ ಕೊಳ್ಳಲು ಬಂದಿದ್ದ ಒಬ್ಬರು, ಹಿಟ್ಟು ಎಷ್ಟು ಗಟ್ಟಿ ಇರಬೇಕು ಎಂದು ಕೇಳಿದರು. ಅಡಿಗೆಯ ಮಾತು ಬಂದರೆ ನನಗೆ ಲೋಕ ಮರೆಯುತ್ತದೆ. ಓವನ್ನಿಗೆ ಬೆನ್ನು ಹಾಕಿ ಕೈಸನ್ನೆ ಮಾಡುತ್ತಾ ವಿವರಿಸಲು ತೊಡಗಿದೆ.

ಎಲ್ಲರೂ ನನ್ನ ಬೆನ್ನ ಹಿಂದಕ್ಕೆ ನೋಡುತ್ತಿದ್ದದ್ದು ಸ್ವಲ್ಪ ತಡವಾಗಿ ಗಮನಕ್ಕೆ ಬಂತು. ನನ್ನ ಗಂಡ ಮಾತ್ರ ನನ್ನನ್ನು ನೋಡುತ್ತಿದ್ದರು. ತಿರುಗಿದರೆ ಅಂಗಡಿಯವಳು ಬಾಗಿಲು ತೆಗೆದು ತಟ್ಟೆ ಹೊರಗಿಟ್ಟಾಗಿತ್ತು.

ಮಗಳು ನನ್ನ ಎದುರು ಬಂದು ನಿಂತಳು. "ಅಮ್ಮ, ಅದು ಕೂಗಿದ್ದು ಕೇಳ್ಲಿಲ್ವಾ?"

"ಕೇಳಿತು. ಮಾತಾಡ್ತಾ ಇದ್ದೆ ಅಲ್ವಾ, ನಿಧಾನ ತೆಗೆದ್ರೆ ಎಂತ ಆಗ್ತದೆ?"

ಅವಳು ಓವನ್ನಿನತ್ತ ಒಮ್ಮೆ ತಿರುಗಿ ನೋಡಿದಳು. ಆಮೇಲೆ, "ಈಗ ಪುನಃ ಕೂಗಿತಲ್ಲ, ಅದು?" ಎಂದಳು.

"ಅದೂ ಕೇಳಿತು."

"ಎಷ್ಟು ಸಲ?"

"ಮೂರು" ಎಂದೆ, ಧೈರ್ಯದಿಂದ.

ಅವಳ ಕಣ್ಣು ತುಂಬಿತು. "ಅದು ಕೂಗ್ಲೇ ಇಲ್ಲ ಅಮ್ಮ. ಆಗ್ಲೇ ಆಫ್ ಮಾಡಿ ಆಗಿದೆ."

ಅಷ್ಟು ಜನರ ಎದುರು ನಾನು ಡಬ್ಬಿಯ ಮುಚ್ಚಳ ಹಾಕುತ್ತಾ ನಿಂತೆ. ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಕಡುಬು ಚೆನ್ನಾಗಿ ಬೆಂದಿತ್ತು. ಎಲೆಯಿಂದ ನಾಜೂಕಾಗಿ ಬಿಟ್ಟು ಬಂತು. ಫ್ರಿಜ್ಜಿನವರು ಎರಡು ತಿಂದರು.

ಮನೆಗೆ ಬಂದು ಎಲ್ಲ ಹೇಳಿದೆ, ಸೀರೆಗಳ ಅಡಿಯ ಕಾಗದವನ್ನೂ ತೋರಿಸಿದೆ. ಬೈಯಲಿ ಎಂದು ಕಾದೆ. ಯಾರೂ ಬೈಯಲಿಲ್ಲ. ಗಂಡ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ನನಗೊಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ನಿನಗೆ" ಎಂದು ಮಾತ್ರ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಆಚಾರ್ರು ಟೇಪು ಹಿಡಿದು ಆ ಚೌಕದ ಎದುರು ನಿಂತು, "ಇಲ್ಲಿ ಎಂತ ಮಾಡುದು ಅಕ್ಕ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅವರು ನನ್ನ ಹೆಗಲಾಚೆ ನೋಡಿ, ಹೂಂಗುಟ್ಟಿ, ಅಳೆಯಲು ಶುರುಮಾಡಿದರು. ಹಿಂದೆ ನಿಂತ ಮಗಳು ಏನೋ ಹೇಳಿರಬೇಕು.

"ಎಂತ ಹೇಳಿದ್ಲು?" ಎಂದು ಅವರನ್ನೇ ಕೇಳಿದೆ. ಅವರು ಹೇಳಬಹುದೋ ಬಾರದೋ ಎಂಬಂತೆ ಮಗಳ ಮುಖ ನೋಡಿದರು.

ಆಗ ಅವಳು ಸುತ್ತಿಕೊಂಡು ಬಂದು ನನ್ನ ಎರಡೂ ಹೆಗಲು ಹಿಡಿದು, ಹೊಳೆಯ ಆಚೆ ದಡದವರನ್ನು ಕರೆಯುವ ಹಾಗೆ, ಒಂದೊಂದೇ ಶಬ್ದ ಬಿಡಿಸಿ, ದೊಡ್ಡ ಸ್ವರದಲ್ಲಿ ಹೇಳಿದಳು.

"ಓವನ್ ತರುವ ಅಮ್ಮ. ಒಳ್ಳೇದುಂಟು. ಆದ್ರೆ ಅದರಲ್ಲಿ ನಾನು ಮಾಡ್ತೇನೆ. ನೀನು ಇನ್ನು ಗ್ಯಾಸು ಹೊತ್ತಿಸುದು ಬೇಡ, ಅಡಿಗೆ ಕೋಣೆಗೆ ಒಬ್ಬಳೇ ಬರುದೂ ಬೇಡ. ಕೇಳಿತಾ?"

ಕೇಳಿತು ಎಂದೆ. ಒಂದಕ್ಷರವೂ ತಪ್ಪಿರಲಿಲ್ಲ.